ಸೋಮವಾರ ಕೆಡುವ ಸೆಟ್ಟು

ಪೊಲೀಸ್ ವೈರ್‌ಲೆಸ್ ಕೆಲಸಕ್ಕೆ ಏನೇನು ಓದಿರಬೇಕು, ಏನೇನು ಬರಬೇಕು ಎಂದು ಯಾರಾದರೂ ಕೇಳಿದರೆ ನನಗೆ ಈಗಲೂ ಮೊದಲು ಬರುವುದು ಸಿಟ್ಟು. ಕೇಳಿದವರ ತಪ್ಪೇನಿಲ್ಲ. ಸರಿಯಾದ ಉತ್ತರ ಕೊಡಲು ಹೊರಟರೆ ಸೊರಬದ ಒಂದು ಸೋಮವಾರದ ಕತೆ ಹೇಳಬೇಕಾಗುತ್ತದೆ, ಹೇಳಿದರೆ ನನ್ನ ಮರ್ಯಾದೆ ಏನೂ ಉಳಿಯುವುದಿಲ್ಲ. ಆದರೆ ಈ ವಯಸ್ಸಿನಲ್ಲಿ ಮರ್ಯಾದೆ ಕಟ್ಟಿಕೊಂಡು ಏನು ಮಾಡಲಿ. ಹೇಳಿಯೇ ಬಿಡುತ್ತೇನೆ.

ಅರ್ಜಿಯ ಕಾಗದದಲ್ಲಿ ಕೇಳಿದ್ದು ಹೆಚ್ಚೇನಲ್ಲ. ಎಸ್ಸೆಸ್ಸೆಲ್ಸಿ ಪಾಸಾಗಿರಬೇಕು, ಗಣಿತ ಮತ್ತು ವಿಜ್ಞಾನ ಓದಿರಬೇಕು, ಇಂಗ್ಲಿಷನ್ನು ತಪ್ಪಿಲ್ಲದೆ ಬರೆಯಬೇಕು, ಪೊಲೀಸರಿಗೆ ಬೇಕಾದ ಎತ್ತರ ಮತ್ತು ಎದೆಯ ಸುತ್ತಳತೆ ಇರಬೇಕು. ನನ್ನ ಎದೆ ಅರ್ಧ ಇಂಚು ಕಡಿಮೆ ಬಿತ್ತು. ಅಳೆಯುತ್ತಿದ್ದ ದಫೇದಾರರು, “ಉಸಿರು ಎಳ್ಕಳಪ್ಪ, ಇನ್ನೂ ಎಳ್ಕ, ಹಂಗೇ ಹಿಡ್ಕ” ಎನ್ನುತ್ತ ಟೇಪನ್ನು ಸ್ವಲ್ಪ ಸಡಿಲ ಬಿಟ್ಟರು. ಆಮೇಲೆ ಬಣ್ಣಬಣ್ಣದ ವೈರಿನ ತುಂಡುಗಳನ್ನು ಮೇಜಿನ ಮೇಲೆ ಸುರಿದು ಕಂದು, ಕೆಂಪು, ಹಸಿರು ಎಂದು ಬೇರೆ ಮಾಡಲು ಹೇಳಿದರು. ಸೆಟ್ಟಿನ ಒಳಗಿನ ಸಣ್ಣ ಭಾಗಗಳ ಅಳತೆಯನ್ನು ಅವುಗಳ ಮೈಮೇಲಿನ ಬಣ್ಣದ ಪಟ್ಟೆ ನೋಡಿಯೇ ಓದಬೇಕಾದ್ದರಿಂದ ಬಣ್ಣ ಗುರುತಿಸಲಾಗದವನಿಗೆ ಅಲ್ಲಿ ಕೆಲಸವಿಲ್ಲ. ನನಗಿಂತ ಮುಂದೆ ನಿಂತಿದ್ದವನು ನನಗಿಂತ ಚೆನ್ನಾಗಿ ಓದಿದವನು. ಕಂದು ಹಸಿರು ಎರಡನ್ನೂ ಒಂದೇ ಗುಡ್ಡೆಗೆ ಹಾಕಿ ಊರಿಗೆ ವಾಪಸಾದ. ಪಾಪ, ತನ್ನ ಕಣ್ಣಿನ ವಿಷಯ ಅವನಿಗೆ ಅವತ್ತಿನವರೆಗೂ ಗೊತ್ತಿರಲಿಲ್ಲ.

ಕೊನೆಗೆ ಹೆಡ್‌ಫೋನು ಹಾಕಿ ಎರಡೆರಡು ಸದ್ದು ಕೇಳಿಸಿ, ಎರಡೂ ಒಂದೇಯೋ ಬೇರೆಯೋ ಎಂದು ಕೇಳಿದರು. ಮೋರ್ಸ್ ಸಂಕೇತ ಅಂದರೆ ಚುಕ್ಕೆ ಮತ್ತು ಗೆರೆಗಳ ಸದ್ದು ತಾನೆ. ಚಿಕ್ಕ ಸದ್ದು ಚುಕ್ಕೆ, ಉದ್ದನೆಯದು ಗೆರೆ. ಅದರಲ್ಲಿ ನಾನು ಒಂದನ್ನೂ ತಪ್ಪಲಿಲ್ಲ. ಪಾಸಾದೆ ಎಂದು ಗೊತ್ತಾದ ಕ್ಷಣ ನನ್ನಂಥ ಜಾಣ ಜಿಲ್ಲೆಯಲ್ಲೇ ಇಲ್ಲ ಅನ್ನಿಸಿತು. ಆ ಭಾವನೆ ಹೋಗಲು ಎರಡು ವರ್ಷ ಹಿಡಿಯಿತು.

ಶಿಕಾರಿಪುರದಲ್ಲಿ ನಮ್ಮದು ಕಾಳುಕಡಿ ವ್ಯಾಪಾರ. ಸುದ್ದಿ ಹೇಳಿದಾಗ ಅಪ್ಪ ತಕ್ಕಡಿಯಿಂದ ತಲೆ ಎತ್ತದೆ, “ಪೊಲೀಸ್ ಅಂದ್ರ ಪೊಲೀಸೇ ಅಲ್ಲೇನಪ್ಪ. ನಮ್ಮನ್ಯಾಗ ಯಾರ್ ಹೋಗ್ಯಾರ ಅದ್ಕ?” ಎಂದರು. ನಾನು ಲಾಠಿ ಹಿಡಿಯುವ ಪೊಲೀಸಲ್ಲ, ರೇಡಿಯೋ ರಿಪೇರಿ ಮಾಡುವ ಪೊಲೀಸು ಎಂದೆ. ಪೇಟೆಯಲ್ಲಿ ಇಬ್ಬರು ಮೂವರ ಮನೆಯ ಬ್ಯಾಟರಿ ರೇಡಿಯೋ ಕೆಟ್ಟಾಗ ಬಿಚ್ಚಿ ಸರಿಮಾಡಿ ಹೆಸರು ಮಾಡಿದ್ದೆ, ಅದು ಅಪ್ಪನಿಗೂ ಗೊತ್ತಿತ್ತು. ಸ್ವಲ್ಪ ಹೊತ್ತು ಬಿಟ್ಟು, “ಹಂಗಾರ ಹೋಗು. ಆದ್ರ ಸಿಟ್ಟು ಮನ್ಯಾಗ ಇಟ್ಟು ಹೋಗು” ಎಂದರು. ನನ್ನ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತಿತ್ತು. ಮೂಗನ್ನು ಮನೆಯಲ್ಲಿ ಬಿಟ್ಟು ಹೋಗುವುದು ಹೇಗೆ ಎಂದು ಒಳಗೊಳಗೇ ಗೊಣಗಿಕೊಂಡು ಬೆಂಗಳೂರಿಗೆ ತರಬೇತಿಗೆ ಹೋದೆ.

ತರಬೇತಿ ಮುಗಿಯುವ ಹೊತ್ತಿಗೆ ಚುನಾವಣೆಯ ಗಲಾಟೆ ಶುರುವಾಗಿತ್ತು. ಬಂದೋಬಸ್ತಿಗೆಂದು ಸೊರಬದಲ್ಲಿ ಒಂದು ಬಾಡಿಗೆ ಕೋಣೆ ಹಿಡಿದು, ತಾತ್ಕಾಲಿಕವಾಗಿ ವೈರ್‌ಲೆಸ್ ಸೆಟ್ಟು ಇಟ್ಟು, ನನ್ನನ್ನು ಅದರ ಮುಂದೆ ಕೂರಿಸಿದರು. ಚುನಾವಣೆ ಮುಗಿಯಿತು. ಸೆಟ್ಟನ್ನು ಯಾರೂ ವಾಪಸು ಕೇಳಲಿಲ್ಲ. ಸೆಟ್ಟು ಇದ್ದಲ್ಲಿ ನಾನು ಎಂದುಕೊಂಡು ನಾನೂ ಉಳಿದೆ. ಸಂದೇಶ ಕಳಿಸುವವನೂ ನಾನೇ, ಸೆಟ್ಟು ಕೆಟ್ಟರೆ ಕೂತು ಬೆಸುಗೆ ಹಾಕುವವನೂ ನಾನೇ. ಪ್ರೊಬೇಷನ್ ಮುಗಿದ ಮೇಲೆ ಇನ್ಸ್‌ಪೆಕ್ಟರು ಬಂದು ಟ್ರೇಡ್ ಟೆಸ್ಟ್ ಮಾಡುತ್ತಾರೆ, ಅದರಲ್ಲಿ ಗೆದ್ದರೆ ಕೆಲಸ ಖಾಯಂ, ಇಲ್ಲದಿದ್ದರೆ ಅಪ್ಪನ ತಕ್ಕಡಿ ಎಂದು ಹೇಳಿ ಕಳಿಸಿದ್ದರು.

ಆ ದಿನಗಳಲ್ಲಿ ನಾನು ಸುಖವಾಗಿದ್ದೆ, ಅದನ್ನು ಬಾಯಿಬಿಟ್ಟೇ ಹೇಳುತ್ತೇನೆ. ಬೆಳಿಗ್ಗೆ ಒಂಬತ್ತಕ್ಕೆ ಶಿವಮೊಗ್ಗದ ಆಪರೇಟರು ಕರೆಯುತ್ತಿದ್ದರು. ಎಲ್ಲಿ ಬೆಂಕಿ ಬಿತ್ತು, ಎಲ್ಲಿ ಕಳವಾಯಿತು, ಯಾವ ಹಳ್ಳಿಯಲ್ಲಿ ಹೊಡೆದಾಟ, ಎಲ್ಲವೂ ನನ್ನ ಬೆರಳಿನಿಂದಲೇ ಹೋಗಬೇಕು. ಉಡುತಡಿಯ ಕಡೆಯ ಒಬ್ಬಾಕೆ ಮಗುವನ್ನು ಎತ್ತಿಕೊಂಡು ತಪ್ಪು ಬಸ್ಸು ಹತ್ತಿ ಸೊರಬಕ್ಕೆ ಬಂದು ಅಳುತ್ತ ಕೂತಿದ್ದಳು. ಸುದ್ದಿ ಶಿವಮೊಗ್ಗಕ್ಕೆ ಹೋಗಿ, ಅಲ್ಲಿಂದ ಶಿಕಾರಿಪುರಕ್ಕೆ ಹೋಗಿ, ಸಂಜೆಯೊಳಗೆ ಅವಳ ಗಂಡ ಬಂದು ಎದುರಿಗೆ ನಿಂತ. ಅವತ್ತು ನನ್ನ ಕಾಲು ನೆಲದ ಮೇಲಿರಲಿಲ್ಲ.

ನನ್ನ ಜೊತೆಗೆ ಒಬ್ಬ ಪೇದೆಯನ್ನು ಕೊಟ್ಟಿದ್ದರು. ಕುಬಟೂರಿನ ಒಕ್ಕಲು ಮನೆಯವರು, ವಯಸ್ಸು ನಲವತ್ತು ದಾಟಿತ್ತು, ದಫೇದಾರಿಕೆಗೆ ಬಡ್ತಿ ಕೊಡುವ ಪಟ್ಟಿಯಲ್ಲಿ ಅವರ ಹೆಸರು ಮೇಲಿತ್ತು. ಇಂಗ್ಲಿಷ್ ಬರುತ್ತಿರಲಿಲ್ಲ. ಆದರೆ ಏರಿಯಲ್ ತಂತಿ ಕಟ್ಟಲು ಗಳ ಹತ್ತುವುದು, ಬ್ಯಾಟರಿ ಹೊರುವುದು, ಚಾರ್ಜಿಂಗ್ ಎಂಜಿನ್ನಿಗೆ ಹಗ್ಗ ಸುತ್ತಿ ಒಂದೇ ಎಳೆತಕ್ಕೆ ಚಾಲೂ ಮಾಡುವುದು, ಇದರಲ್ಲೆಲ್ಲ ನನಗಿಂತ ಗಟ್ಟಿಗರು. ಪ್ರತಿ ಭಾನುವಾರ ಬ್ಯಾಟರಿ ಚಾರ್ಜು ಮಾಡಿ, ಶಿವಮೊಗ್ಗದಿಂದ ಗಾಜಿನ ಬುರುಡೆಯಲ್ಲಿ ಬರುವ ಬ್ಯಾಟರಿ ನೀರನ್ನು ಅಳೆದು ಹಾಕುವುದು ಅವರ ಕೆಲಸ. ಬಾವಿ ನೀರು ಹಾಕಿದರೆ ಬ್ಯಾಟರಿ ಸಾಯುತ್ತದೆ ಎಂದು ನಾನು ಮೊದಲ ದಿನವೇ ನಾಲ್ಕು ಸಲ ಹೇಳಿದ್ದೆ. ನಾಲ್ಕು ಸಲವೂ ಅವರು, “ಹೂಂ ಮಾರಾಯ್ರೇ” ಎಂದಿದ್ದರು.

ಇನ್ನು ನನ್ನ ಕಡೆಯ ಒಂದು ಪದ್ಧತಿ. ಅಪ್ಪ ಬೆಳಿಗ್ಗೆ ಮಿಂದು, ವಿಭೂತಿ ಧರಿಸಿ, ಅಂಗಡಿಯ ಬಾಗಿಲು ತೆಗೆದ ಮೇಲೆ ಬೆರಳಲ್ಲಿ ಉಳಿದ ವಿಭೂತಿಯನ್ನು ತಕ್ಕಡಿಯ ದಂಡಿಗೆ ಹಚ್ಚಿ ಕಣ್ಣಿಗೊತ್ತಿಕೊಂಡು ವ್ಯಾಪಾರ ಶುರುಮಾಡುತ್ತಿದ್ದರು. ನಮ್ಮ ಪೇಟೆಯ ಅಂಗಡಿಗಳಲ್ಲೆಲ್ಲ ಹಾಗೆಯೇ. ನಾನು ಹುಟ್ಟಿದಾಗಿನಿಂದ ನೋಡಿದ್ದು. ಅನ್ನ ಕೊಡುವ ವಸ್ತುವನ್ನು ಹಾಗೇ ಮುಟ್ಟಬಾರದು ಎಂಬುದು ಮೈಗೇ ಹತ್ತಿತ್ತು. ನನಗೆ ಅನ್ನ ಕೊಡುತ್ತಿದ್ದದ್ದು ಮೋರ್ಸ್ ಕೀ. ಹಿತ್ತಾಳೆಯ ಸಣ್ಣ ಸನ್ನೆಕೋಲು, ಅದನ್ನು ಒತ್ತಿದರೆ ಕೆಳಗಿನ ಎರಡು ಬಿಂದುಗಳು ಕೂಡಿ ಸದ್ದು ಹೊರಡುತ್ತದೆ. ನಾನು ದಿನಾ ಮಿಂದು ಬಂದು ಆ ಕೀಗೆ ವಿಭೂತಿಯ ಬೆರಳು ಮುಟ್ಟಿಸಿ, ಕಣ್ಣಿಗೊತ್ತಿಕೊಂಡು ಕೂರುತ್ತಿದ್ದೆ. ಸೋಮವಾರ ಅಂದರೆ ತಲೆಗೆ ನೀರು, ಉಪವಾಸ, ವಿಭೂತಿಯೂ ಧಾರಾಳ.

ಟ್ರೇಡ್ ಟೆಸ್ಟಿಗೆ ಒಂದೆರಡು ತಿಂಗಳು ಇರುವಾಗ ಶಿವಮೊಗ್ಗದ ಆಪರೇಟರು ತಕರಾರು ತೆಗೆಯಲು ಶುರುಮಾಡಿದರು. ನಿನ್ನ ಚುಕ್ಕೆಗಳು ಬೀಳುತ್ತಿಲ್ಲ, ಅರ್ಧಕ್ಕರ್ಧ ಹಾರಿಹೋಗುತ್ತಿವೆ, ಮತ್ತೆ ಕಳಿಸು ಎಂದು. ಬೇರೆ ದಿನ ಸ್ವಲ್ಪ, ಸೋಮವಾರ ಬೆಳಿಗ್ಗೆ ವಿಪರೀತ. ನಾನು ಏರಿಯಲ್ ಇಳಿಸಿ ನೋಡಿದೆ, ಒಳಗಿನ ಗಾಜಿನ ವಾಲ್ವುಗಳನ್ನು ಬದಲಿಸಿದೆ, ಎರಡು ದಿನ ಕೂತು ಇಡೀ ಸೆಟ್ಟನ್ನು ಬಿಚ್ಚಿ ಬೆಸುಗೆಗಳನ್ನೆಲ್ಲ ಹೊಸದಾಗಿ ಹಾಕಿದೆ. ಮುಂದಿನ ಸೋಮವಾರ ಮತ್ತೆ ಅದೇ ಹಾಡು. ತಲೆ ಕೆಟ್ಟು ಗೊಬ್ಬರವಾಯಿತು. ಆಗ ನನಗೆ ಹೊಳೆಯಿತು. ಸೋಮವಾರದ ಹಿಂದಿನ ದಿನ ಯಾವುದು? ಭಾನುವಾರ. ಭಾನುವಾರ ಬ್ಯಾಟರಿ ಮುಟ್ಟುವವರು ಯಾರು?

“ಏನ್ರೀ, ಬಾವಿ ನೀರು ಹಾಕಿದೀರಾ?” ಎಂದು ಕೇಳಿದೆ.

“ಇಲ್ಲ ಮಾರಾಯ್ರೇ. ನೀವು ಕೊಟ್ಟ ಬುರುಡೆದೇ ಹಾಕಿದ್ದು.”

“ಸುಳ್ಳು ಹೇಳ್ಬೇಡ. ಬುರುಡೆ ಹೊತ್ತು ತರೋಕೆ ಬೇಜಾರಾಗಿ ಬಾವಿಂದ ಸೇದಿ ಸುರಿದಿದೀಯ.”

ನನಗಿಂತ ಹದಿನೆಂಟು ವರ್ಷ ದೊಡ್ಡವರನ್ನು ನಾನು ಏಕವಚನದಲ್ಲಿ ಮಾತಾಡಿಸಿದ್ದು ಅದೇ ಮೊದಲು, ಅದೇ ಕೊನೆ. ಅವರು ತಿರುಗಿ ಬೈಯಲಿಲ್ಲ. “ನಾ ಹಾಕಿದ್ದಿಲ್ಲ, ನಂಬೋದಾರೆ ನಂಬಿ” ಎಂದು ಹೇಳಿ ಗಳದ ಹಗ್ಗ ಬಿಗಿಮಾಡಲು ಹೋದರು. ಒಳಗಿನ ಆಸಿಡ್ಡಿನ ಗಟ್ಟಿತನ ಅಳೆಯುವ ಹೈಡ್ರೋಮೀಟರನ್ನು ಬ್ಯಾಟರಿಗೆ ಅದ್ದಿ ನೋಡಿದೆ. ಬ್ಯಾಟರಿ ಸರಿಯಿದೆ ಎಂದು ಅದು ತೋರಿಸಿತು. ಹಾಗಾದರೆ ಹೈಡ್ರೋಮೀಟರೇ ಕೆಟ್ಟಿದೆ ಎಂದು ತೀರ್ಮಾನಿಸಿದೆ. ನೋಡಿ, ಸಿಟ್ಟು ಬಂದವನ ವಿದ್ಯೆ ಹೀಗಿರುತ್ತದೆ. ಆಮೇಲೆ ದಿನದ ಕೆಲಸವನ್ನೆಲ್ಲ ಬರೆದಿಡುವ ಲಾಗ್ ಪುಸ್ತಕ ತೆರೆದು, ದುಂಡಗಿನ ಇಂಗ್ಲಿಷ್ ಅಕ್ಷರದಲ್ಲಿ, ಪೇದೆ ಬ್ಯಾಟರಿಗೆ ಬಾವಿ ನೀರು ಹಾಕಿದ್ದರಿಂದ ಸೆಟ್ಟು ಕೆಟ್ಟಿದೆ ಎಂದು ಬರೆದು ಸಹಿ ಹಾಕಿದೆ.

ಲಾಗ್ ಪುಸ್ತಕದ ನಕಲು ಶಿವಮೊಗ್ಗಕ್ಕೆ ಹೋಗುತ್ತದೆ. ಹತ್ತು ದಿನದಲ್ಲಿ ಪೇದೆಯ ಹೆಸರಿಗೆ ಮೆಮೋ ಬಂತು. ಸರಕಾರಿ ಸಾಮಾನು ಹಾಳುಮಾಡಿದ್ದಕ್ಕೆ ಸಮಜಾಯಿಷಿ ಕೊಡಬೇಕು, ಟೆಸ್ಟಿಗೆ ಬರುವ ಇನ್ಸ್‌ಪೆಕ್ಟರೇ ಹೇಳಿಕೆ ತೆಗೆದುಕೊಳ್ಳುತ್ತಾರೆ ಎಂದಿತ್ತು. ಮೆಮೋ ಬಿದ್ದವರ ಹೆಸರು ದಫೇದಾರಿಕೆಯ ಪಟ್ಟಿಯಲ್ಲಿ ಉಳಿಯುವುದಿಲ್ಲ ಎಂಬುದು ಇಲಾಖೆಯಲ್ಲಿ ಎಲ್ಲರಿಗೂ ಗೊತ್ತು. ಅವರು ಕಾಗದವನ್ನು ನನ್ನ ಕೈಗೇ ಕೊಟ್ಟು ಓದಿಸಿಕೊಂಡರು. ನಾನು ಓದಿ ಹೇಳಿದೆ. ನನಗೆ ಆಗ ಮರುಕವೇನೂ ಬರಲಿಲ್ಲ, ಮಾಡಿದ್ದನ್ನು ಉಣ್ಣಲಿ ಅಂದುಕೊಂಡೆ.

ಇನ್ಸ್‌ಪೆಕ್ಟರು ಬಂದದ್ದು ಸೋಮವಾರ, ಬೆಳಗಿನ ಬಸ್ಸಿಗೆ. ಜೀವನದ ಪರೀಕ್ಷೆಯ ದಿನ, ಅದೂ ಸೋಮವಾರ. ನಾನು ಕೀಗೆ ವಿಭೂತಿಯನ್ನು ಮೂರು ಬೆರಳಲ್ಲಿ ಎಳೆದೇ ಹಚ್ಚಿದ್ದೆ.

ಅವರು ತೆಳ್ಳಗಿನ ಮನುಷ್ಯ, ಮಾತು ಕಡಿಮೆ. ನನ್ನನ್ನು ಹೊರಗೆ ನಿಲ್ಲಿಸಿ ಸೆಟ್ಟಿನಲ್ಲಿ ದೋಷಗಳನ್ನು ಮಾಡಿಟ್ಟು ಒಳಗೆ ಕರೆದರು. ಒಂದು ವಾಲ್ವನ್ನು ಅದರ ಗೂಡಿನಲ್ಲಿ ಸಡಿಲ ಬಿಟ್ಟಿದ್ದರು, ಮೂಸಿ ನೋಡಿದಷ್ಟು ಬೇಗ ಹಿಡಿದೆ. ಏರಿಯಲ್‌ನ ಒಂದು ಬೆಸುಗೆ ಬಿಡಿಸಿದ್ದರು, ಅದನ್ನೂ ಹಿಡಿದು ಹೊಸ ಬೆಸುಗೆ ಹಾಕಿದೆ. ಅವರು ತಲೆಯಾಡಿಸಿ, ಒಂದು ಸಂದೇಶ ಕಳಿಸು ಎಂದರು. ಕೂತು ಬಡಿದೆ. ಮೀಟರಿನ ಮುಳ್ಳು ಒಮ್ಮೆ ಏಳುತ್ತದೆ, ಒಮ್ಮೆ ಮಲಗಿಯೇ ಇರುತ್ತದೆ. ಚುಕ್ಕೆಗಳು ಹಾರುತ್ತಿವೆ.

“ಮೂರನೇದನ್ನ ಬಹಳ ಚೆನ್ನಾಗಿ ಬಚ್ಚಿಟ್ಟಿದೀರಿ ಸಾರ್” ಎಂದೆ.

“ನಾನು ಇಟ್ಟದ್ದು ಎರಡೇ ಕಣಪ್ಪ.”

ಆದರೂ ಬಾಯಿ ಸುಮ್ಮನಿರಲಿಲ್ಲ. “ಹಾಗಾದ್ರೆ ಬ್ಯಾಟರಿ ಸಾರ್. ಆ ಪೇದೆ ಬಾವಿ ನೀರು ಹಾಕಿದಾರೆ, ಲಾಗ್‌ನಲ್ಲಿ ಬರೆದಿದೀನಿ” ಎಂದೆ.

ಅವರು ತಮ್ಮ ಚೀಲದಿಂದ ಬೇರೆ ಹೈಡ್ರೋಮೀಟರು ತೆಗೆದು ಬ್ಯಾಟರಿಯ ಒಂದೊಂದು ಬಾಯಿಗೂ ಅದ್ದಿ ನೋಡಿದರು. “ಬ್ಯಾಟರಿ ನಿನಗಿಂತ ಗಟ್ಟಿಯಾಗಿದೆ. ಬ್ಯಾಟರಿ ಸೋತರೆ ಸ್ವರ ಪೂರ್ತಿ ಸಣ್ಣಗಾಗುತ್ತೆ. ಇಲ್ಲಿ ಸ್ವರ ಗಟ್ಟಿಯಾಗೇ ಇದೆ, ನಡುನಡುವೆ ಚುಕ್ಕೆ ಮಾತ್ರ ಇಲ್ಲ. ಯಾಕೆ ಅಂತ ಯೋಚನೆ ಮಾಡು. ನಾನು ಕಾಫಿ ಕುಡಿದು ಬರ್ತೀನಿ. ಬಂದಮೇಲೆ ಆ ಪೇದೆಯ ಹೇಳಿಕೆ ಬೇರೆ ತಗೋಬೇಕು” ಎಂದು ಹೋದರು.

ಸ್ವರ ಗಟ್ಟಿ, ಚುಕ್ಕೆ ಇಲ್ಲ. ಅಂದರೆ ಎಲ್ಲೋ ಕೂಡಬೇಕಾದದ್ದು ಕೂಡುತ್ತಿಲ್ಲ. ತರಬೇತಿಯ ಮೊದಲ ವಾರದಲ್ಲಿ ಹೇಳಿಕೊಟ್ಟ ಪಾಠ ಅದು. ನನ್ನ ಕೈ ತಾನಾಗಿಯೇ ಕೀ ಕಡೆಗೆ ಹೋಯಿತು. ಸ್ಕ್ರೂ ಸಡಿಲಿಸಿ ಸನ್ನೆ ಎತ್ತಿ ಆ ಎರಡು ಬಿಂದುಗಳ ಮೇಲೆ ಬೆರಳಾಡಿಸಿದೆ. ಬೆರಳ ತುದಿಗೆ ಬೂದುಬಿಳುಪಿನ ಪುಡಿ ಹತ್ತಿತು. ಮೂಗಿನ ಹತ್ತಿರ ಹಿಡಿದೆ. ಆ ವಾಸನೆ ನನಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಒದ್ದೆ ಬೆರಳಿನ ವಿಭೂತಿ ದಿನಾ ಅಷ್ಟಷ್ಟೇ ಇಳಿದು ಬಿಂದುಗಳ ನಡುವೆ ಒಣಗಿ ಪೊರೆ ಕಟ್ಟಿತ್ತು. ಉದ್ದನೆಯ ಗೆರೆ ಒತ್ತುವಾಗ ಹೇಗೋ ಕೂಡುತ್ತಿತ್ತು, ಚುಟುಕು ಚುಕ್ಕೆಗೆ ಕೂಡುತ್ತಿರಲಿಲ್ಲ. ಸೋಮವಾರ ಧಾರಾಳವಾದ್ದರಿಂದ ಸೋಮವಾರ ಹೆಚ್ಚು ಕೆಡುತ್ತಿತ್ತು. ಅಂಗಿಯ ತುದಿಯಲ್ಲಿ ಒರೆಸಿ ಒತ್ತಿ ನೋಡಿದೆ. ಮುಳ್ಳು ಪ್ರತಿಸಲವೂ ಎದ್ದಿತು, ಒಂದೂ ತಪ್ಪಲಿಲ್ಲ.

ಒರೆಸಿಯಾಗಿದೆ, ಗುರುತು ಉಳಿದಿಲ್ಲ. ಸ್ಕ್ರೂ ಸಡಿಲವಾಗಿತ್ತು ಸಾರ್ ಎಂದರೆ ಮುಗಿಯಿತು, ಅಲ್ಲೇ ಖಾಯಂ. ಲಾಗ್‌ನಲ್ಲಿ ಸುಳ್ಳು ಬರೆದ ಪ್ರೊಬೇಷನರನ್ನು ಕೆಲಸದಿಂದ ತೆಗೆದೇಬಿಡುತ್ತಾರೆ ಎಂದು ತರಬೇತಿಯಲ್ಲಿ ಸಾರಿ ಸಾರಿ ಹೇಳಿದ್ದರು. ಅಪ್ಪನ ಮುಖ ಕಣ್ಣಮುಂದೆ ಬಂತು. ಕಿಟಕಿಯಿಂದ ನೋಡಿದರೆ ಪೇದೆ ಹೊರಗೆ ಮರದ ಕೆಳಗೆ ಇಸ್ತ್ರಿ ಮಾಡಿದ ಸಮವಸ್ತ್ರ ಹಾಕಿಕೊಂಡು, ಗುಂಡಿಗಳನ್ನು ಉಜ್ಜಿಕೊಂಡು, ತುಟಿ ಅಲ್ಲಾಡಿಸುತ್ತ ನಿಂತಿದ್ದರು. ಹೇಳಿಕೆಯನ್ನು ಬಾಯಿಪಾಠ ಮಾಡುತ್ತಿದ್ದರು. ಇಪ್ಪತ್ತು ವರ್ಷ ಸರ್ವಿಸಾದ ಮನುಷ್ಯ ಶಾಲೆಯ ಹುಡುಗನ ಹಾಗೆ ಬಾಯಿಪಾಠ ಮಾಡುವುದನ್ನು ನೋಡಿ ನನಗೆ ನನ್ನ ಮೇಲೇ ಹೇಸಿಗೆಯಾಯಿತು.

ಇನ್ಸ್‌ಪೆಕ್ಟರು ಬಂದರು. “ಸಿಕ್ತೇನಪ್ಪ?”

“ಸಿಕ್ತು ಸಾರ್. ವಿಭೂತಿ.”

“ಏನಂದೆ?”

ನಾನು ಎಲ್ಲ ಹೇಳಿದೆ. ಅಪ್ಪನ ತಕ್ಕಡಿಯಿಂದ ಹಿಡಿದು ಎಲ್ಲ. ಅವರು ನನ್ನ ಹಣೆ ನೋಡಿದರು, ಕೀ ನೋಡಿದರು, ಮತ್ತೆ ಹಣೆ ನೋಡಿದರು. ನಗು ತಡೆದುಕೊಂಡದ್ದು ಗೊತ್ತಾಯಿತು. ಆಮೇಲೆ ನಗು ಹೋಯಿತು. “ಪೇದೆ ಬಾವಿ ನೀರು ಹಾಕಿದ್ದು ನೀನು ಕಣ್ಣಾರೆ ಕಂಡಿದ್ಯಾ?” ಎಂದು ಕೇಳಿದರು.

“ಇಲ್ಲ ಸಾರ್. ಸಿಟ್ಟಿಗೆ ಬರೆದದ್ದು. ಅದು ಸುಳ್ಳು.”

ಅವರು ಮೂಟೆ ಕಟ್ಟು ಎನ್ನುತ್ತಾರೆ ಎಂದೇ ಕಾದೆ. “ಲಾಗ್ ತಗೊಂಬಾ” ಎಂದರು. ಲಾಗ್‌ನಲ್ಲಿ ಬರೆದದ್ದನ್ನು ಅಳಿಸುವ ಹಾಗಿಲ್ಲ, ಹಾಳೆ ಹರಿಯುವ ಹಾಗಿಲ್ಲ. ಹಳೆಯ ಅಕ್ಷರ ಓದಲು ಬರುವಂತೆ ಅದರ ಮೇಲೆ ಒಂದೇ ಗೆರೆ ಎಳೆದು, ಪಕ್ಕದಲ್ಲಿ ಸರಿಯಾದದ್ದು ಬರೆದು ಸಹಿ ಹಾಕಬೇಕು. ನಾನು ಗೆರೆ ಎಳೆದು, ದೋಷ ಕೀಯಲ್ಲಿತ್ತು, ಕಾರಣ ಆಪರೇಟರು, ಪೇದೆಯ ತಪ್ಪಿಲ್ಲ ಎಂದು ಬರೆದೆ. ಅವರೂ ಸಹಿ ಹಾಕಿದರು. “ಕೈಕೆಲಸಕ್ಕೆ ಪಾಸು. ಸುಳ್ಳು ಬರೆದದ್ದಕ್ಕೆ ಆರು ತಿಂಗಳು ಖಾಯಂ ಇಲ್ಲ, ಮತ್ತೆ ಬಂದು ನೋಡ್ತೀನಿ. ನೀನಾಗೇ ಹೇಳಿದ್ದಕ್ಕೆ ಮನೆಗೆ ಕಳಿಸ್ತಿಲ್ಲ. ದೇವರಿಗೆ ದೂರದಿಂದ ಕೈಮುಗಿ” ಎಂದು ಹೇಳಿ, ಮೆಮೋ ರದ್ದು ಮಾಡಲು ಟಿಪ್ಪಣಿ ಬರೆದುಕೊಂಡು ಬಸ್ಸಿಗೆ ಹೋದರು.

ಪೇದೆ ಬಾಗಿಲಲ್ಲಿ ನಿಂತಿದ್ದರು. ಹೇಳಿಕೆ ಕೇಳದೆ ಸಾಹೇಬರು ಹೋದದ್ದರಿಂದ ಅವರಿಗೆ ದಿಗಿಲಾಗಿತ್ತು. “ಎಂತ ಬರೆದ್ರಿ ಅದ್ರಲ್ಲಿ?” ಎಂದರು.

“ತಪ್ಪು ನಂದು, ನಿಮ್ಮದೇನೂ ಇಲ್ಲ ಅಂತ ಬರೆದೆ ಕಣ್ರೀ. ಮೆಮೋ ರದ್ದಾಯ್ತು. ನಿಮಗೆ ಏನೇನೋ ಅಂದೆ, ಹೊಟ್ಟೆಗೆ ಹಾಕ್ಕೊಳ್ಳಿ.”

ಅವರು ಟೋಪಿ ತೆಗೆದು ತಲೆ ಒರೆಸಿಕೊಂಡರು. ಬೈಯಬಹುದು ಎಂದುಕೊಂಡೆ, ಬೈದಿದ್ದರೆ ಹಗುರವಾಗುತ್ತಿತ್ತು. “ಆಯ್ತು ಬಿಡಿ. ಒಂದು ಉಪಕಾರ ಮಾಡ್ತೀರಾ?” ಎಂದರು. “ಈ ಮಾತನ್ನ ಮನೆಗೆ ಬಂದು ನಮ್ಮನೆಯೋಳ ಹತ್ರ ಹೇಳಿ. ಅವಳು ನಾನೇ ಹಾಕಿದ್ದು ಅಂತ ನಂಬಿಬಿಟ್ಟಿದಾಳೆ. ಬರೆದೋರು ಓದಿದೋರಲ್ವಾ, ಸುಳ್ಳು ಯಾಕೆ ಬರೀತಾರೆ ಅಂತಾಳೆ.”

ಆ ಮಾತು ಮೆಮೋಕ್ಕಿಂತ ಜೋರಾಗಿ ತಾಗಿತು. ಅವರ ಮನೆ ಎರಡು ಬೀದಿ ಆಚೆ. ಇಬ್ಬರೂ ನಡೆದು ಹೋದೆವು. ಆಕೆ ಜಗಲಿಯ ಮೇಲೆ ಮೊರ ಹಿಡಿದು ಅಕ್ಕಿ ಆರಿಸುತ್ತಿದ್ದರು, ನಮ್ಮನ್ನು ಕಂಡು ಸೆರಗು ಸರಿಮಾಡಿಕೊಂಡು ಎದ್ದು ನಿಂತರು. ಕೂರಲಿಲ್ಲ ನಾನು. “ಅಮ್ಮಾ, ನಿಮ್ಮ ಯಜಮಾನರು ಬಾವಿ ನೀರು ಹಾಕಿಲ್ಲ. ಸೆಟ್ಟು ಕೆಟ್ಟದ್ದು ನನ್ನಿಂದ. ನಾನು ಬರೆದದ್ದು ಸುಳ್ಳು” ಎಂದೆ.

ಆಕೆ ಗಂಡನನ್ನು ನೋಡಿದರು. “ಮತ್ತೆ ನೀವು ಯಾಕೆ ಹೇಳ್ಲಿಲ್ಲ?”

“ಹೇಳಿದ್ನಲ್ಲ ಮಾರಾಯ್ತಿ. ದಿನಾ ಹೇಳಿದೆ.”

ಆಕೆಯ ಕಣ್ಣು ತುಂಬಿತು. ಮೊರ ಕೆಳಗಿಟ್ಟು, ಸೆರಗಿನಿಂದ ಮುಖ ಒರೆಸಿಕೊಂಡು ನನ್ನ ಕಡೆ ತಿರುಗಿದರು. “ಅತ್ತೆ ಒಳಗಿದಾರೆ, ಪಕ್ಕದ ಮನೆಯೋರೂ ಇದಾರೆ. ಎಲ್ಲರಿಗೂ ಕೇಳೋ ಹಂಗೆ ಇನ್ನೊಂದ್ಸಲ ಗಟ್ಟಿಯಾಗಿ ಹೇಳಿ” ಎಂದರು.

ನಾನು ಜಗಲಿಯ ಮೇಲೆ ನಿಂತು ಗಟ್ಟಿಯಾಗಿ ಇನ್ನೊಂದು ಸಲ ಹೇಳಿದೆ.